ಅಟ್ಟದಿಂದ ಇಳಿದ ಕಾಸಿಯೋ: ಅಜ್ಜಿಗೆ ಕಾಯಲು ಕಲಿತ ಮೊಮ್ಮಗ

ಪರ್ಕಳ: ಕ್ರಿಸ್ಮಸಿಗೆ ಇನ್ನು ಹದಿನೆಂಟು ದಿನ ಉಂಟು ಎನ್ನುವಾಗ ಇಲ್ಲಿ ಪೇಟೆಯಿಂದ ತುಸು ಒಳಗಿರುವ ಒಂದು ಮನೆಯಲ್ಲಿ ಜಗಳ ಹತ್ತಿತು. ಆಸ್ತಿಯ ಜಗಳವಲ್ಲ, ಗಡಿಕಲ್ಲಿನ ಜಗಳವೂ ಅಲ್ಲ. ಹಾಡಿನ ಜಗಳ.

ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಉಡುಪಿಯ ಚರ್ಚಿನಲ್ಲಿ ಹುಡುಗಿಯಾಗಿದ್ದಾಗ ಕಲಿತ ಕನ್ನಡ ಹಾಡುಗಳು ಈಗಲೂ ಬಾಯಿಪಾಠ. ಪುಸ್ತಕ ಬೇಡ, ಕನ್ನಡಕವೂ ಬೇಡ. ಕ್ರಿಸ್ಮಸ್ ಹಿಂದಿನ ರಾತ್ರಿ ಮನೆಮಂದಿ, ನೆರೆಕರೆಯವರು ಚಾವಡಿಯಲ್ಲಿ ಸೇರಿ ಹಾಡುವುದು ಆ ಮನೆಯ ವಾಡಿಕೆ. ಕೀಬೋರ್ಡ್ ನುಡಿಸಲಿಕ್ಕೆ ಆಚೆಮನೆಯ ಹುಡುಗ ಬರುತ್ತಿದ್ದ. ಅವನು ಕೆಲಸ ಸಿಕ್ಕಿ ಗಲ್ಫಿಗೆ ಹೋದ. ಅಲ್ಲಿಗೆ ಮುಗಿಯಿತು.

ಮರುವರ್ಷ ಮೊಮ್ಮಗ ಮೊಬೈಲಿನಲ್ಲಿ ‘ಟ್ರ್ಯಾಕ್’ ಹಾಕಿದ. ಹಾಡಿನ ಹಿಮ್ಮೇಳ ಮಾತ್ರ ಮುದ್ರಿಸಿಟ್ಟದ್ದು. ಅದರ ಮೇಲೆ ನಾವು ಹಾಡಬೇಕು. ಅಜ್ಜಿ ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಟ್ರ್ಯಾಕ್ ಎರಡನೇ ಚರಣಕ್ಕೆ ಹೋಗಿಯಾಗಿತ್ತು. ಕೆಮ್ಮು ಬಂದರೆ ಮೂರನೆಯದಕ್ಕೆ. ಶ್ರುತಿಯೋ, ಆಕಾಶದಲ್ಲಿ. ಅಜ್ಜಿ ಮಧ್ಯದಲ್ಲೇ ಎದ್ದು ಒಳಗೆ ಹೋದರು. ಈ ವರ್ಷ ಮತ್ತೆ ಟ್ರ್ಯಾಕಿನ ಮಾತು ಬಂದಾಗ ಅವರದು ಒಂದೇ ಮಾತು: “ಅದರ ಹಿಂದೆ ಓಡ್ಲಿಕ್ಕೆ ನನಗೆ ಆಗುದಿಲ್ಲ ಮಗಾ. ನೀವೇ ಹಾಡಿಕೊಳ್ಳಿ.”

ಒಂದು ಮನೆಯ ಕಥೆ ಎಂದು ನಗಬೇಡಿ. ನುಡಿಸುವ ಹುಡುಗರೆಲ್ಲ ಬೆಂಗಳೂರು, ದುಬೈ ಎಂದು ಊರು ಬಿಟ್ಟ ಮೇಲೆ ಕರಾವಳಿಯಲ್ಲಿ ಟ್ರ್ಯಾಕಿನದ್ದೇ ಕಾರುಬಾರು. ಹಾಡುವವರ ಹಿಂದೆ ವಾದ್ಯ ಬರಬೇಕಾದ್ದು ಹೋಗಿ, ವಾದ್ಯದ ಹಿಂದೆ ಹಾಡುವವರು ಓಡುವ ಕಾಲ!

ಈ ಹಾಡುಗಳಾದರೂ ಎಲ್ಲಿಂದ ಬಂದವು? ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಜರ್ಮನ್ ನಾಡಿನ ಧಾಟಿ, ಅದಕ್ಕೆ ಕನ್ನಡದ ಮಾತು. ಹೀಗೆ ಹುಟ್ಟಿದ ಹಾಡುಗಳು ಉಡುಪಿ, ಮಲ್ಪೆಯ ತನಕ ಹಬ್ಬಿದವು. ನಿಘಂಟಿನ ಕಿಟೆಲ್ ಸಾಹೇಬರಿಗೆ ಇದು ಪೂರಾ ಸಮಾಧಾನ ಕೊಟ್ಟಿರಲಿಕ್ಕಿಲ್ಲ. 1862ರಲ್ಲಿ ಅವರು ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಬರೆದರು. ಆದರೂ ಜನರ ಬಾಯಲ್ಲಿ ಜರ್ಮನ್ ಧಾಟಿಯೂ ಉಳಿಯಿತು. ಇಂದು ಅಜ್ಜಿಗೆ ಅದು ಜರ್ಮನ್ ಎಂದರೆ ನಂಬುವುದಿಲ್ಲ. “ಇದು ನಮ್ಮದಲ್ವಾ?” ಎನ್ನುತ್ತಾರೆ.

ಮೊಮ್ಮಗ ಮಣಿಪಾಲದಲ್ಲಿ ಓದುವವನು. ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು. ಅಟ್ಟದ ಮೇಲೆ, ಮಾವ ದುಬೈಯಿಂದ ತಂದ ಹಳೇ ಕಾಸಿಯೋ ಬಟ್ಟೆ ಸುತ್ತಿಕೊಂಡು ಬಿದ್ದಿತ್ತು. ಪಿಯಾನೋ ಎಂಬುದು ನಮ್ಮ ಕಡೆ ಅಪರೂಪದ ಪ್ರಾಣಿ. ಮಳೆಗಾಲದ ತೇವಕ್ಕೆ ಅದರ ಮರ ಉಬ್ಬುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. 1980ರಲ್ಲಿ ಕಾಸಿಯೋ ಕಂಪೆನಿ ತನ್ನ ಮೊದಲ ಕೀಬೋರ್ಡ್ ಹೊರತಂದ ಮೇಲೆ ಗಲ್ಫಿನ ಪೆಟ್ಟಿಗೆಗಳಲ್ಲಿ ಅದು ಊರಿಗೆ ಇಳಿಯಿತು. ಈಗ ಯಾವ ಕಂಪೆನಿಯದ್ದಾದರೂ ನಮ್ಮಲ್ಲಿ ಅದು ಕಾಸಿಯೋನೇ. ಈ ಕಾಸಿಯೋದ ಅಡಾಪ್ಟರ್ ಕಾಣೆಯಾಗಿತ್ತು. ಬ್ಯಾಟರಿ ಹಾಕಿದರೆ ಸದ್ದು ಬಂತು. ಒಂದು ಮನೆ ಮಾತ್ರ ಮೂಕ.

ಕಲಿಸಿದವರು ಚರ್ಚಿನಲ್ಲಿ ನುಡಿಸುವ ಒಬ್ಬ ಟೀಚರ್. ಹದಿನೆಂಟು ದಿನದಲ್ಲಿ ಪಿಯಾನೋ ಬರುವುದಿಲ್ಲ ಎಂದು ಮೊದಲೇ ಹೇಳಿದರು. “ರಾಗ ನುಡಿಸ್ಲಿಕ್ಕೆ ಹೋಗ್ಬೇಡ ಮಾರಾಯ. ರಾಗ ಅಜ್ಜಿ ಹಾಡ್ತಾರೆ. ನೀನು ಮೂರು ಗುಂಪು ಹಿಡಿ, ಸಾಕು.”

ಗುಂಪು ಎಂದರೆ ಕಾರ್ಡ್. ಮೂರು ಸ್ವರ ಒಟ್ಟಿಗೆ ಒತ್ತುವುದು. ಯಕ್ಷಗಾನ ನೋಡುವವರಿಗೆ ‘ಬಿಳಿ ಒಂದು’, ‘ಕಪ್ಪು ಎರಡು’ ಎಂಬ ಶ್ರುತಿಯ ಲೆಕ್ಕ ಗೊತ್ತುಂಟಲ್ಲ? ಅದೇ ಲೆಕ್ಕ. ಬಿಳಿ ಒಂದನ್ನು ಸ ಎಂದು ಹಿಡಿದರೆ ಮೊದಲ ಗುಂಪು ಸ, ಗ, ಪ. ಎರಡನೆಯದು ಮ, ಧ, ಮೇಲಿನ ಸ. ಮೂರನೆಯದು ಪ, ನಿ, ಮೇಲಿನ ರಿ. ಒಂದೂ ಕಪ್ಪು ಮನೆ ಮುಟ್ಟಬೇಕೆಂದಿಲ್ಲ.

ಕಷ್ಟ ಇರುವುದು ಜಿಗಿಯುವುದರಲ್ಲಿ. ಸ ಗುಂಪಿನಿಂದ ಮ ಗುಂಪಿಗೆ ಇಡೀ ಕೈ ಎತ್ತಿ ಹಾರಿಸಿದರೆ ತಾಳ ತಪ್ಪಿತೆಂದೇ ಲೆಕ್ಕ. ಹುಡುಗನಿಗೆ ಮೊದಲ ಮೂರು ದಿನ ಆದದ್ದೂ ಅದೇ. ಕೈ ಹುಡುಕುವಷ್ಟರಲ್ಲಿ ಹಾಡು ಮುಂದೆ. ಟೀಚರ್ ಉಪಾಯ ತೋರಿಸಿದರು. ಎಡಗೈಯ ಕಿರುಬೆರಳು ಸ ದ ಮೇಲೆ ಇರಲಿ, ಅಲ್ಲಾಡಿಸಬೇಡ. ಮಧ್ಯದ ಬೆರಳು ಗ, ಹೆಬ್ಬೆರಳು ಪ. ಈಗ ಹೆಬ್ಬೆರಳನ್ನು ಒಂದು ಬಿಳಿ ಮನೆ ಮೇಲೆ ಸರಿಸಿ ಧ ದ ಮೇಲಿಡು, ತೋರುಬೆರಳಲ್ಲಿ ಮ ಒತ್ತು. ಸ, ಮ, ಧ: ಎರಡನೇ ಗುಂಪು ಬಂತು! ಸ್ವರ ಅವೇ, ಸಾಲು ಬೇರೆ. ಮೂರನೆಯದಕ್ಕೆ ಕಿರುಬೆರಳು ಮಾತ್ರ ಒಂದು ಮನೆ ಕೆಳಗಿಳಿದು ನಿ ಗೆ, ತೋರುಬೆರಳು ಮ ದಲ್ಲಿ, ಹೆಬ್ಬೆರಳು ಪ ದಲ್ಲಿ. ಇಲ್ಲಿ ರಿ ಬಿಟ್ಟು ಮ ಸೇರಿಸಿದ್ದಕ್ಕೂ ಕಾರಣ ಉಂಟು. ಆ ಮ ಇದ್ದರೆ ಕಿವಿ ತಾನಾಗಿ ಸ ಗುಂಪಿಗೆ ಮರಳಲು ಕಾಯುತ್ತದೆ.

ಮೊದಲ ಹಾಡಾಗಿ ಆರಿಸಿದ್ದು ‘ಸೈಲೆಂಟ್ ನೈಟ್’ನ ಧಾಟಿ. ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 1818ರ ಡಿಸೆಂಬರ್ 24ರಂದು ಅದನ್ನು ಮೊದಲು ಹಾಡಿದರು. ಮಾತು ಪಾದ್ರಿ ಯೋಸೆಫ್ ಮೋರ್ ಅವರದು, ಧಾಟಿ ಶಾಲಾ ಮಾಸ್ತರ ಫ್ರಾಂಟ್ಸ್ ಗ್ರೂಬರ್ ಅವರದು. ಅಂದು ಜೊತೆಗಿದ್ದ ವಾದ್ಯ ಒಂದು ಗಿಟಾರ್, ಅಷ್ಟೆ. ದೊಡ್ಡ ವಾದ್ಯಗೋಷ್ಠಿ ಬೇಕೆನ್ನುವವರು ಗಮನಿಸಬೇಕು. ಆರು ಸಾಲು. ಮೊದಲನೆಯದು ಪೂರ್ತಿ ಸ ಗುಂಪು. ಎರಡನೆಯದು ಪ ಗುಂಪಿನಿಂದ ಹೊರಟು ಸ ಕ್ಕೆ. ಮೂರು, ನಾಲ್ಕು ಮ ದಿಂದ ಸ ಕ್ಕೆ. ಐದು ಪುನಃ ಪ ದಿಂದ ಸ ಕ್ಕೆ. ಕೊನೆಯದು ಸ, ಪ, ಸ. ಮುಗಿಯಿತು.

ಆದರೆ ಆ ಧಾಟಿ ಕೆಳಗಿನ ಸ ದಿಂದ ಮೇಲಿನ ಮ ದ ತನಕ ಏರುತ್ತದೆ. ಅಷ್ಟೆತ್ತರಕ್ಕೆ ಎಂಬತ್ತರ ಗಂಟಲು ಹೋಗಬೇಕಲ್ಲ? ಬಿಳಿ ಒಂದರಲ್ಲಿ ಅಜ್ಜಿಗೆ ಆಗಲಿಲ್ಲ. ಕೀಬೋರ್ಡಿನಲ್ಲಿ ಶ್ರುತಿ ಇಳಿಸುವ ಗುಂಡಿ ಇರುತ್ತದೆ. ಮೂರು ಮೆಟ್ಟಿಲು ಕೆಳಗಿಳಿಸಿದಾಗ ಅಜ್ಜಿ ತಲೆಯಾಡಿಸಿದರು. ಹುಡುಗನ ಬೆರಳಿಗೆ ಅವೇ ಬಿಳಿ ಮನೆಗಳು, ಸದ್ದು ಮಾತ್ರ ತಗ್ಗಿನಲ್ಲಿ.

ಸ್ವಲ್ಪ ಬಂದದ್ದೇ ತಡ, ಹುಡುಗನಿಗೆ ಕೊಂಬು ಮೂಡಿತು. ನೆರೆಯ ಗೆಳೆಯನೊಟ್ಟಿಗೆ ಶನಿವಾರದ ಭಜನೆಗೂ ಕಾಸಿಯೋ ಹೊತ್ತುಕೊಂಡು ಹೋದ. ಪರ್ಕಳವೆಂದರೆ ಸರಿಗಮ ಭಾರತಿಯಂಥ ಕರ್ನಾಟಕ ಸಂಗೀತದ ಶಾಲೆ ಇರುವ ಊರು. ಕಿವಿ ಇರುವ ಜನ. ಮಾಯಾಮಾಳವಗೌಳದ ಒಂದು ಪದಕ್ಕೆ ಈತ ಧೈರ್ಯವಾಗಿ ಮ ಗುಂಪು ಒತ್ತಿದ. ಹಾಡುವವರು ಹುಳಿ ಮಾವು ಕಚ್ಚಿದವರಂತೆ ಮುಖ ಮಾಡಿದರು. ಯಾಕೆ? ಆ ರಾಗದ ಧ ಬಿಳಿ ಮನೆಯದ್ದಲ್ಲ, ಕೆಳಗಿನ ಕಪ್ಪು ಮನೆಯದ್ದು. ರಿ ಸಹ ಹಾಗೆಯೇ. ಒಂದೇ ಸ್ವರದ ಎರಡು ಬಗೆ ಅಕ್ಕಪಕ್ಕದಲ್ಲಿ ಒಟ್ಟಿಗೆ ಕೂಗಿದರೆ ಕೇಳುವ ಹಾಗುಂಟೇ? ಹಾರ್ಮೋನಿಯಂ ಹಿಡಿದ ಹಿರಿಯರು ಬೈಯಲಿಲ್ಲ. “ಇಲ್ಲಿ ಸ, ಪ ಎರಡೇ ಹಿಡಿ ಮಗಾ, ಬಾಕಿ ನಾವು ನೋಡಿಕೊಳ್ತೇವೆ” ಎಂದರು. ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಪೆಟ್ಟಿಗೆಗೇ ಬಾಗಿಲು ಹಾಕಿತ್ತು, ಗಮಕ ಬರುವುದಿಲ್ಲ ಎಂಬ ದೂರೂ ಅದರ ಹಿಂದಿತ್ತು. ಭಜನೆಯವರು ಆ ಬಾಗಿಲನ್ನು ಕ್ಯಾರೇ ಅನ್ನಲಿಲ್ಲ, ಬಿಡಿ.

ಡಿಸೆಂಬರ್ 24ರ ರಾತ್ರಿ ಚಾವಡಿಯಲ್ಲಿ ಹದಿನಾರು ಮಂದಿ. ಟೀಚರ್ ಹೇಳಿದ ಇನ್ನೊಂದು ಮಾತು ಹುಡುಗನಿಗೆ ನೆನಪಿತ್ತು: ಕಣ್ಣು ಬೆರಳಿನ ಮೇಲೆ ಬೇಡ, ಅಜ್ಜಿಯ ಬಾಯಿಯ ಮೇಲೆ ಇರಲಿ. ಎರಡನೇ ಚರಣದಲ್ಲಿ ಅಜ್ಜಿಗೆ ಕೆಮ್ಮು ಬಂತು. ಹುಡುಗ ಸ ಗುಂಪನ್ನು ಒತ್ತಿ ಹಿಡಿದು ಹಾಗೇ ಕೂತ. ಯಾರೋ ನೀರು ತಂದರು. ಅಜ್ಜಿ ಕುಡಿದು, ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿ, ಬಿಟ್ಟ ಸಾಲಿನಿಂದಲೇ ಎತ್ತಿಕೊಂಡರು. ಹದಿನಾರು ಮಂದಿಯೂ ಒಟ್ಟಿಗೆ ಎತ್ತಿಕೊಂಡರು. ಒಂದೆರಡು ಕಡೆ ಗುಂಪು ತಪ್ಪಿತು, ಮೂಕ ಮನೆ ಒಮ್ಮೆ ಕೈಕೊಟ್ಟಿತು. ಹಾಡು ಮಾತ್ರ ನಿಲ್ಲಲಿಲ್ಲ.

ಊಟಕ್ಕೆ ಏಳುವಾಗ ಅಜ್ಜಿ ಇನ್ನೊಂದು ಹಾಡಿನ ಹೆಸರು ಹೇಳಿದರು, ಶುಭಶುಕ್ರವಾರದ್ದು. ಅದಕ್ಕೆ ಧ, ಸ, ಗ ಎಂಬ ನಾಲ್ಕನೇ ಗುಂಪೂ ಬೇಕು, ಒಂದು ಕಪ್ಪು ಮನೆಯೂ ಬೇಕು. ಹುಡುಗ ಮೊಬೈಲ್ ತೆಗೆದು ಶುಭಶುಕ್ರವಾರಕ್ಕೆ ಎಷ್ಟು ದಿನ ಉಂಟೆಂದು ಲೆಕ್ಕ ಹಾಕುತ್ತಿದ್ದ.