ರಕ್ತದ ರಿಪೋರ್ಟ್ ಚೆನ್ನಾಗಿದ್ದರೂ ಮಾತ್ರೆ ಬಿಡಬೇಡಿ

‘ರಿಪೋರ್ಟಲ್ಲಿ ವೈರಸ್ಸೇ ಕಾಣ್ತಿಲ್ಲ, ಇನ್ನು ಮಾತ್ರೆ ಯಾಕೆ?’ ಎಚ್‌ಐವಿ ಚಿಕಿತ್ಸೆಯಲ್ಲಿರುವ ಅನೇಕರಿಗೆ ಬರುವ ಪ್ರಶ್ನೆಯಿದು. ಉತ್ತರ ಸಿಗುವುದು ರಕ್ತದಲ್ಲಲ್ಲ, ದುಗ್ಧಗ್ರಂಥಿ ಮತ್ತು ಕರುಳಿನಲ್ಲಿ.

ರೋಗದ ವಿರುದ್ಧ ಹೋರಾಡುವ ಲಿಂಫೋಸೈಟ್ ಕೋಶಗಳ ಪೈಕಿ ರಕ್ತದಲ್ಲಿ ಓಡಾಡುವುದು ನೂರಕ್ಕೆ ಸುಮಾರು 2 ಮಾತ್ರ. ಮಿಕ್ಕವು ಅಂಗಾಂಗಗಳಲ್ಲೇ ಇರುತ್ತವೆ. ಎಚ್‌ಐವಿ ಅಡಗಿ ಕೂರುವುದೂ ಅಲ್ಲೇ. ಅಲ್ಲಿನ ಕೆಲವು ಸಿಡಿ8 ಟಿ-ಕೋಶಗಳು ರಕ್ತಕ್ಕೆ ಮರಳದೆ ಅಲ್ಲೇ ಠಿಕಾಣಿ ಹೂಡಿ ವೈರಸ್ಸಿಗೆ ಕಾವಲು ಕಾಯುತ್ತವೆ.

ಮಾತ್ರೆಯಿಲ್ಲದೆಯೇ ವೈರಸ್ಸನ್ನು ಹದ್ದುಬಸ್ತಿನಲ್ಲಿಡುವವರು ಸೋಂಕಿತರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. 2018ರಲ್ಲಿ ‘ಸೈನ್ಸ್ ಇಮ್ಯುನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥವರ ದುಗ್ಧಗ್ರಂಥಿಗಳಲ್ಲಿ ಎಚ್‌ಐವಿಯನ್ನು ಗುರುತಿಸುವ ಈ ಕಾವಲು ಕೋಶಗಳು ಹೆಚ್ಚಾಗಿ ಕಂಡುಬಂದವು. ಆದರೆ ಎಲ್ಲರಲ್ಲೂ ಇಂಥ ಕಾವಲು ಬೆಳೆಸುವ ಲಸಿಕೆ ಇನ್ನೂ ಬಂದಿಲ್ಲ.

ಹಾಗಾಗಿ ಉಳಿದವರಿಗೆ ಮಾತ್ರೆಯೇ ಕಾವಲು. ಬಿಟ್ಟರೆ, ಅಡಗಿದ್ದ ವೈರಸ್ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮತ್ತೆ ತಲೆಯೆತ್ತುತ್ತದೆ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಶುರುಮಾಡಿದಾಗ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು ಮೊದಲ ರಾಜ್ಯಗಳ ಸಾಲಿನಲ್ಲಿದ್ದವು. ದುಡಿಮೆಗೆಂದು ಗಡಿ ದಾಟಿದರೂ ಚಿಕಿತ್ಸೆ ನಿಲ್ಲಬೇಕಿಲ್ಲ. ಹೊರಡುವ ಮುನ್ನ ತಮ್ಮ ಎಆರ್‌ಟಿ ಕೇಂದ್ರದಲ್ಲಿ ತಿಳಿಸಿ, ಹೋಗುವ ಊರಿನ ಹತ್ತಿರದ ಕೇಂದ್ರಕ್ಕೆ ವರ್ಗಾವಣೆ ಮಾಡಿಸಿಕೊಂಡರಾಯ್ತು. ಮಾಹಿತಿಗೆ ಉಚಿತ ಸಹಾಯವಾಣಿ: 1097.