ಅಜ್ಜಿ ಮನೆ ಗೋಡೆಯ ಬೂಷ್ಟು: ಬಣ್ಣ ಹೊಡೆದ್ರೆ ಹೋಗಲ್ಲ

ಇವತ್ತಿನ ಎಪಿಸೋಡ್ ಒಂದು ಗೋಡೆ ಬಗ್ಗೆ. ಗೌರಿಬಿದನೂರಲ್ಲಿ, ಉತ್ತರ ಪಿನಾಕಿನಿ ಹತ್ತಿರ ಇರೋ ನಮ್ಮ ಅಜ್ಜಿ ಮನೆ ಗೋಡೆ.

ನಂದಿಬೆಟ್ಟದ ಕಡೆಯಿಂದ ಇಳಿದು ಆಂಧ್ರಕ್ಕೆ ಹೋಗೋ ಈ ನದಿಯನ್ನ ನಮ್ಮ ವಯಸ್ಸಿನವರು ಹೆಚ್ಚಾಗಿ ನೋಡಿದ್ದು ಒಣಗಿದ್ದಾಗಲೇ. 2021ರ ನವೆಂಬರ್‌ನಲ್ಲಿ ಅದು ತುಂಬಿ ಹರಿದಾಗ ಎಲ್ಲರೂ ನಿಂತು ವಿಡಿಯೋ ಮಾಡಿದ್ವಿ. ಮನೆಯೊಳಗೆ ಏನಾಗ್ತಿದೆ ಅಂತ ನೋಡ್ಲಿಲ್ಲ. ಅಜ್ಜಿ ಕೋಣೆ ಗೋಡೆ ಮೊಣಕಾಲೆತ್ತರಕ್ಕೆ ನೆಂದಿತ್ತು. ಸಂಕ್ರಾಂತಿ ಹೊತ್ತಿಗೆ ಮಂಚದ ಹಿಂದೆ ಕಪ್ಪು ಚುಕ್ಕೆ. ನಾನೇ ಪೇಂಟ್ ತಂದು ಹೊಡೆದೆ. ಮುಂದಿನ ಮಳೆಗೆ ಬಣ್ಣ ಉಬ್ಬಿ ಕಿತ್ತುಬಂತು, ಅಜ್ಜಿಗೆ ರಾತ್ರಿಯೆಲ್ಲ ಕೆಮ್ಮು. ಡಾಕ್ಟ್ರು ಮೊದಲು ಕೇಳಿದ್ದು, "ಎಲ್ಲಿ ಮಲಗ್ತೀರಮ್ಮ?"

ಬೂಷ್ಟು ಅಂದ್ರೆ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಯಾವಾಗ್ಲೂ ಇರ್ತವೆ. ಅವಕ್ಕೆ ಬೇಕಿರೋದು ತೇವ ಒಂದೇ. ನೆಂದ ಜಾಗ 24ರಿಂದ 48 ಗಂಟೆಯೊಳಗೆ ಒಣಗದಿದ್ರೆ ಬೆಳೆಯೋಕೆ ಶುರು. ತೇವ, ಬೂಷ್ಟು ಇರೋ ಮನೆಗಳಲ್ಲಿ ಉಸಿರಾಟದ ತೊಂದರೆ ಹೆಚ್ಚು, ಆಸ್ತಮಾ ಇದ್ರೆ ಉಲ್ಬಣ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ಹಳೇ ಮನೆಗಳಲ್ಲಿ ಇನ್ನೊಂದು ಸಮಸ್ಯೆ. ಮಣ್ಣು, ಕಲ್ಲು, ಸುಣ್ಣದ ಗಾರೆಯ ಗೋಡೆ ನೆಲದಿಂದ ನೀರು ಹೀರಿದ್ರೂ ಮೈಯಿಂದ ಹೊರಗೆ ಬಿಡುತ್ತೆ. ಅದರ ಮೇಲೆ ನಾವು ಸಿಮೆಂಟ್ ಮೆತ್ತಿ, ಪ್ಲಾಸ್ಟಿಕ್ ಎಮಲ್ಷನ್ ಬಳಿದ್ರೆ ನೀರು ಒಳಗೇ ಸಿಕ್ಕಿಕೊಳ್ಳುತ್ತೆ. ನಮ್ಮ ಮನೇಲಿ ಆಗಿದ್ದು ಇದೇ.

ಇದನ್ನ ನಂಗೆ ಅರ್ಥ ಮಾಡಿಸಿದ್ದು ಶಿಡ್ಲಘಟ್ಟದ ಕಡೆ ಹುಳು ಸಾಕೋ ನಮ್ಮ ಮಾವ. ಮಳೆ, ಚಳಿಗಾಲದಲ್ಲಿ ರೇಷ್ಮೆ ಹುಳುಗೆ ಸುಣ್ಣಕಟ್ಟು ರೋಗ ಬರುತ್ತೆ. ಅದೂ ಶಿಲೀಂಧ್ರವೇ. ಸತ್ತ ಹುಳು ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುತ್ತೆ. "ಬೆಳ್ಳಗಾಗೋಕೆ ಮುಂಚೆ ಆರಿಸಿ ಸುಡ್ಬೇಕು ಕಣೋ, ಆಮೇಲೆ ಪುಡಿ ಹಾರುತ್ತೆ. ಕಿಟಕಿ ತೆಗಿ, ತೇವ ಇಳಿಸು. ಹುಳು ಮನೆಗೆ ಮಾಡೋದನ್ನ ಅಜ್ಜಿ ಮನೆಗೆ ಮಾಡಕ್ಕೆ ಏನು ಕಷ್ಟ?" ಅಂದ್ರು.

ಹಾಗಾದ್ರೆ ಮಾಡೋದೇನು?

ಒಂದು, ನೀರಿನ ದಾರಿ ಮುಚ್ಚಿ. ಸೂರಿನ ನೀರು ಗೋಡೆ ಬುಡಕ್ಕೆ ಬೀಳ್ತಿದ್ಯಾ, ಚರಂಡಿ ಕಟ್ಟಿದ್ಯಾ, ಚಪ್ಪಡಿ ಸಂದಿಯಲ್ಲಿ ಸೋರ್ತಿದ್ಯಾ ನೋಡಿ. ಇದಾಗದೆ ಉಳಿದದ್ದೆಲ್ಲ ದಂಡ.

ಎರಡು, ಒಣ ಬೂಷ್ಟನ್ನ ಪೊರಕೆಯಲ್ಲಿ ಗುಡಿಸ್ಬೇಡಿ, ಬೀಜಕಣ ಮನೆಯೆಲ್ಲ ಹರಡುತ್ತೆ. ಎನ್-95 ಮಾಸ್ಕ್, ಗ್ಲೌಸ್ ಹಾಕ್ಕೊಂಡು, ಕಿಟಕಿ ತೆಗೆದು, ಸೋಪ್ ನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚ್ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಯಾವತ್ತೂ ಬೆರೆಸ್ಬೇಡಿ, ವಿಷಗಾಳಿ ಬರುತ್ತೆ. ಸುಮಾರು ಹತ್ತು ಚದರ ಅಡಿಗಿಂತ ಹೆಚ್ಚು ಹರಡಿದ್ರೆ, ಮನೇಲಿ ಆಸ್ತಮಾ ಇರೋರಿದ್ರೆ, ಕೆಲಸ ಗೊತ್ತಿರೋರಿಗೆ ಬಿಡಿ.

ಮೂರು, ಉಬ್ಬಿದ ಸಿಮೆಂಟ್ ಕೆತ್ತಿಸಿ, ಗೋಡೆ ಒಣಗೋಕೆ ಬಿಟ್ಟು, ಸುಣ್ಣದ ಗಾರೆ ಗೊತ್ತಿರೋ ಮೇಸ್ತ್ರಿ ಕೈಲಿ ಮಾಡಿಸಿ. ಮೇಲೆ ಸುಣ್ಣ ಬಳಿಸಿ. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯೋದು ಕಷ್ಟ. ವರ್ಷ ಕಳೆದಂತೆ ಆ ಶಕ್ತಿ ಕುಗ್ಗುತ್ತೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿಯೋದು ಬರೀ ಚೆಂದಕ್ಕಲ್ಲ.

ಇನ್ನೊಂದು ಮಾತು: ನೆಂದ ಮಣ್ಣಿನ ಗೋಡೆ ಬಿರುಕು ಬಿಟ್ಟು ವಾಲಿದ್ರೆ ಬೂಷ್ಟಿನ ಚಿಂತೆ ಆಮೇಲೆ. ಮೊದಲು ಹೊರಗೆ ಬನ್ನಿ.

ಅಜ್ಜಿ ಕೋಣೆ ಬಿಡೋಕೆ ಒಪ್ಲಿಲ್ಲ. "ನಿಮ್ಮ ತಾತ ಇದ್ದ ಕೋಣೆ" ಅಂದ್ರು. ಗೋಡೆ ಒಣಗೋವರೆಗೆ ಅಂತ ಹೇಳಿ ಹಜಾರಕ್ಕೆ ಮಂಚ ಹಾಕಿದ್ವಿ. ಒಣಗೋಕೆ ಇಡೀ ಬೇಸಿಗೆ ಬೇಕಾಯ್ತು. ಈಗ ಮತ್ತೆ ಅಲ್ಲೇ ಮಲಗ್ತಾರೆ, ಮಂಚ ಮಾತ್ರ ಗೋಡೆಯಿಂದ ಒಂದು ಅಡಿ ದೂರ. ಕೆಮ್ಮು ಪೂರ್ತಿ ಹೋಗಿಲ್ಲ, ಇನ್‌ಹೇಲರ್ ಇದೆ. ಆದ್ರೆ ರಾತ್ರಿ ನಿದ್ದೆ ಬರ್ತಿದೆ.

ನಿಮ್ಮೂರಿಗೆ ಹೋದಾಗ ಅಜ್ಜಿ, ತಾತ ಮಲಗೋ ಮಂಚ ಒಂದು ಸಲ ಜರುಗಿಸಿ, ಹಿಂದಿನ ಗೋಡೆ ಮುಟ್ಟಿ ನೋಡಿ. ಬರ್ತೀನಿ.