ನಿವೇಶನಕ್ಕೂ ಮೊದಲು ನೀರಿನ ದಾರಿ

ದಾವಣಗೆರೆಯಿಂದ ಹದಡಿ ಕಡೆಗೆ ಹೊರಟರೆ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳ ನಡುವೆ ಬಡಾವಣೆಗಳ ಗಡಿಕಲ್ಲುಗಳು ಕಾಣುತ್ತವೆ. ಲೇಔಟ್ ಕೆಲಸ ಮಾಡಿಸುವ ನಾನು ಮೊದಲು ಹುಡುಕುವುದು ಬಸಿಗಾಲುವೆಯನ್ನು. ಗದ್ದೆಯ ಹೆಚ್ಚುವರಿ ನೀರು ಹಳ್ಳ ಸೇರುತ್ತಿದ್ದುದು ಅದರಲ್ಲೇ. ಮಣ್ಣು ಸುರಿದು ಅದನ್ನು ಮುಚ್ಚಿದರೆ ಮಳೆನೀರು ಮನೆಗಳಿಗೇ ನುಗ್ಗುತ್ತದೆ.

ಲೆಕ್ಕ ಸರಳ. 1 ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಬದು ಕಟ್ಟಿದ ಗದ್ದೆ ಅದನ್ನು ತಡೆದು ನಿಧಾನವಾಗಿ ಬಿಡುತ್ತಿತ್ತು. ಡಾಂಬರು, ಕಾಂಕ್ರೀಟು, ತಾರಸಿಗಳು ಒಮ್ಮೆಲೇ ಬಿಡುತ್ತವೆ. ನೆನೆದ ಎರೆಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುವುದರಿಂದ ನೀರು ಬೇಗ ಇಂಗುವುದೂ ಇಲ್ಲ.

ಆದ್ದರಿಂದ ಚರಂಡಿ ಮೊದಲು, ರಸ್ತೆ ಆಮೇಲೆ. ಮೇಸ್ತ್ರಿ ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ಎರಡೂ ತುದಿಯ ಮಟ್ಟ ಗುರುತು ಹಾಕುತ್ತಾನೆ. 200 ಅಡಿಗೆ 1 ಅಡಿ ಇಳಿಜಾರು ಸಿಕ್ಕರೆ ನೀರು ಸರಾಗ. ಅಗೆದ ಸಡಿಲ ಮಣ್ಣು ಹಳ್ಳಕ್ಕೆ ಕೊಚ್ಚಿ ಹೋಗದಂತೆ ಚರಂಡಿಯ ಕೊನೆಯಲ್ಲಿ ಹೂಳುಗುಂಡಿ ಬೇಕು; ದೊಡ್ಡ ಮಳೆಯಾದಾಗಲೆಲ್ಲ ಅದರ ಹೂಳೆತ್ತಬೇಕು. ಉದ್ಯಾನಕ್ಕೆ ಬಿಟ್ಟ ಜಾಗವನ್ನು ತುಸು ತಗ್ಗಾಗಿಸಿದರೆ ಅಬ್ಬರದ ನೀರು ಅಲ್ಲಿ ಕೆಲಹೊತ್ತು ನಿಲ್ಲುತ್ತದೆ.

ಸೈಟು ಕೊಳ್ಳುವವರೇ, ನಕ್ಷೆಯಲ್ಲಿ ರಸ್ತೆಯ ಅಗಲ ಕೇಳುವಂತೆ ಚರಂಡಿ ಎಲ್ಲಿಗೆ ಸೇರುತ್ತದೆಂದೂ ಕೇಳಿ. ಅದು ಹಳ್ಳದವರೆಗೆ ಮುಟ್ಟದಿದ್ದರೆ ಮುಂಗಡ ಕೊಡಬೇಡಿ.